ಮುಳ್ಳುಪೊದೆಗೆ ಪಟ್ಟ ಕಟ್ಟಿದವರು ಯಾರು?

ನಗರಾಡಳಿತದ ಚುನಾವಣೆಯ ಮಾತು ಎದ್ದಾಗಲೆಲ್ಲ, ಭಾನುವಾರದ ಬಲಿಪೂಜೆ ಮುಗಿದು ದೇವಾಲಯದ ಮೆಟ್ಟಿಲಿಳಿಯುವ ಹೊತ್ತಿಗೆ ಎರಡು ಪ್ರಶ್ನೆಗಳು ನಮ್ಮನ್ನು ತಡೆದು ನಿಲ್ಲಿಸುತ್ತವೆ. "ಸ್ವಾಮಿ, ಈ ಸಲ ಯಾರಿಗೆ ಹಾಕಬೇಕು?" ಎಂಬುದು ಒಂದು. "ಯಾರಿಗೆ ಹಾಕಿದರೇನು ಬಿಡಿ, ಮೇಯರನ್ನು ಆರಿಸುವವರು ನಾವೇನು?" ಎಂಬುದು ಇನ್ನೊಂದು. ಮೊದಲನೆಯದರಲ್ಲಿ ವಿಧೇಯತೆಯಿದೆ, ಎರಡನೆಯದರಲ್ಲಿ ಬೇಸರವಿದೆ. ಆದರೆ ತನ್ನ ಹೊಣೆಯನ್ನು ಮೆಲ್ಲನೆ ಮತ್ತೊಬ್ಬರ ಹೆಗಲಿಗೆ ಜಾರಿಸುವ ಪ್ರಯತ್ನ ಎರಡರಲ್ಲಿಯೂ ಇದೆ. ತುಮಕೂರು, ಗುಬ್ಬಿ ಮತ್ತು ಕುಣಿಗಲ್ಲಿನ ಕಥೋಲಿಕ ಕುಟುಂಬಗಳ ಮುಂದೆ ಈ ವಾರ ಈ ವಿಷಯವನ್ನೇ ಇಡಲು ಬಯಸುತ್ತೇವೆ.

ಎರಡನೆಯ ಪ್ರಶ್ನೆಯಲ್ಲಿ ಸತ್ಯಾಂಶವಿದೆ ಎಂಬುದನ್ನು ಮೊದಲು ಒಪ್ಪಿಕೊಳ್ಳೋಣ. ನಮ್ಮ ರಾಜ್ಯದಲ್ಲಿ ಮಹಾಪೌರರನ್ನು ಮತದಾರರು ನೇರವಾಗಿ ಆರಿಸುವುದಿಲ್ಲ. ನಾವು ಆರಿಸುವುದು ವಾರ್ಡಿನ ಸದಸ್ಯರನ್ನು. ಅವರು ಕೂಡಿ ತಮ್ಮಲ್ಲೊಬ್ಬರನ್ನು ಆ ಪೀಠದಲ್ಲಿ ಕೂರಿಸುತ್ತಾರೆ. ಆ ಆಯ್ಕೆಯಲ್ಲಿ ಆಯಾ ಕ್ಷೇತ್ರದ ಶಾಸಕರಿಗೂ ಸಂಸದರಿಗೂ ಮತವುಂಟು. ಪೀಠವು ಯಾವ ವರ್ಗಕ್ಕೆ ಮೀಸಲು ಎಂಬುದನ್ನು ಸರ್ಕಾರವು ಸರದಿಯಂತೆ ಗೊತ್ತುಪಡಿಸುತ್ತದೆ. 2018ರ ಆಗಸ್ಟ್ 31ರಂದು ತುಮಕೂರು ಮಹಾನಗರ ಪಾಲಿಕೆಯ 35 ವಾರ್ಡುಗಳಿಗೆ ಮತದಾನ ನಡೆದಾಗ ಭಾರತೀಯ ಜನತಾ ಪಕ್ಷಕ್ಕೆ 12, ಕಾಂಗ್ರೆಸ್ಸಿಗೆ 10, ಜಾತ್ಯತೀತ ಜನತಾ ದಳಕ್ಕೆ 10 ಸ್ಥಾನಗಳು ದೊರೆತವು. ಉಳಿದ ಮೂರು ಪಕ್ಷೇತರರ ಪಾಲಾದವು. ಯಾರಿಗೂ ಬಹುಮತವಿಲ್ಲದ ಇಂಥ ಸಭೆಯಲ್ಲಿ ಮಹಾಪೌರರು ಯಾರೆಂಬುದು ಮತಗಟ್ಟೆಯಲ್ಲಿ ಅಲ್ಲ, ಆನಂತರದ ಮೈತ್ರಿಯ ಮಾತುಕತೆಯಲ್ಲಿ ನಿರ್ಧಾರವಾಗುತ್ತದೆ. ಆ ಮಂಡಳಿಯ ಕಾಲದಲ್ಲಿ ಮಹಾಪೌರರ ಅವಧಿ ಕೇವಲ ಒಂದು ವರ್ಷ. ಕಾರ್ಯಾಂಗದ ಅಧಿಕಾರವಾದರೋ ಸರ್ಕಾರ ನೇಮಿಸಿದ ಆಯುಕ್ತರ ಕೈಯಲ್ಲಿ.

ಗುಬ್ಬಿಯ ಪಟ್ಟಣ ಪಂಚಾಯಿತಿಗೂ ಕುಣಿಗಲ್ಲಿನ ಪುರಸಭೆಗೂ ಮಹಾಪೌರರಿಲ್ಲ, ಅಧ್ಯಕ್ಷರಿರುತ್ತಾರೆ. ಆರಿಸುವ ಬಗೆ ಮಾತ್ರ ಬಹುಮಟ್ಟಿಗೆ ಇದೇ. 2018ರಲ್ಲಿ ಚುನಾಯಿತವಾದ ರಾಜ್ಯದ ಅನೇಕ ಪುರಸಭೆ ಮತ್ತು ಪಟ್ಟಣ ಪಂಚಾಯಿತಿಗಳಲ್ಲಿ ಮೀಸಲಾತಿಯ ವ್ಯಾಜ್ಯದ ದೆಸೆಯಿಂದ ಅಧ್ಯಕ್ಷರ ಪೀಠವು 2020ರವರೆಗೆ ಬರಿದಾಗಿಯೇ ಉಳಿಯಿತು. ಸದಸ್ಯರಿದ್ದರು, ಸಭೆಯಿರಲಿಲ್ಲ. ತುಮಕೂರಿನಲ್ಲಿ ಆ ಮಂಡಳಿಯ ಅವಧಿ 2024ರ ಆರಂಭದಲ್ಲಿ ಮುಗಿದಾಗ ಹೊಸ ಚುನಾವಣೆ ನಡೆದಿರಲಿಲ್ಲ. ಆಡಳಿತವು ಆಡಳಿತಾಧಿಕಾರಿಯ ವಶಕ್ಕೆ ಹೋಯಿತು. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೆಯ ತಿದ್ದುಪಡಿಯು ಐದು ವರ್ಷದ ಅವಧಿ ತೀರುವ ಮುನ್ನವೇ ಚುನಾವಣೆ ಮುಗಿಯತಕ್ಕದ್ದೆಂದು ವಿಧಿಸಿದೆ. 2006ರಲ್ಲಿ ಅಹಮದಾಬಾದಿನ ಪ್ರಕರಣವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನೇ ದೃಢವಾಗಿ ನುಡಿದಿದೆ. ಆದರೂ ಚುನಾವಣೆ ತಡವಾದಾಗ ಕೇಳುವವರು ಎಷ್ಟು ಮಂದಿ? ಬೀದಿದೀಪ ಒಂದು ವಾರ ಉರಿಯದಿದ್ದರೆ ದೂರು ಕೊಡುವ ನಾವು, ನಗರಸಭೆಯೇ ಇಲ್ಲದೆ ತಿಂಗಳುಗಳು ಉರುಳಿದರೂ ಮೌನವಾಗಿರುತ್ತೇವೆ.

ಹಾಗಾದರೆ ಬೇಸರಪಟ್ಟವರ ಮಾತೇ ಸರಿಯೆ? ನಮಗೆ ಹಾಗೆ ತೋರುವುದಿಲ್ಲ. ಮಹಾಪೌರರ ಪೀಠಕ್ಕೆ ಹೋಗುವ ದಾರಿ ವಾರ್ಡಿನ ಬಾಗಿಲಿನಿಂದಲೇ ಆರಂಭವಾಗುತ್ತದೆ. ಆ ಬಾಗಿಲಿನ ಕೀಲಿಕೈ ಮತದಾರನದು. 2011ರ ಜನಗಣತಿಯಂತೆ ತುಮಕೂರು ನಗರದ ಜನಸಂಖ್ಯೆ ಮೂರು ಲಕ್ಷಕ್ಕೆ ಸ್ವಲ್ಪ ಹೆಚ್ಚು. ಅದನ್ನು 35ರಿಂದ ಭಾಗಿಸಿದರೆ ವಾರ್ಡೊಂದಕ್ಕೆ ಸರಾಸರಿ ಎಂಟೊಂಬತ್ತು ಸಾವಿರ ಜನ. ಅದರಲ್ಲಿ ಮಕ್ಕಳನ್ನು ಕಳೆಯಿರಿ, ಮತಗಟ್ಟೆಗೆ ಬಾರದವರನ್ನು ಕಳೆಯಿರಿ, ಉಳಿದವರನ್ನು ನಾಲ್ಕೈದು ಅಭ್ಯರ್ಥಿಗಳಿಗೆ ಹಂಚಿರಿ. ಲೋಕಸಭೆಯ ಚುನಾವಣೆಯಲ್ಲಿ ಲೆಕ್ಕಕ್ಕೇ ಸಿಗದ ಹತ್ತಾರು ಮನೆಗಳು ಇಲ್ಲಿ ಸೋಲುಗೆಲುವನ್ನು ತೀರ್ಮಾನಿಸಬಲ್ಲವು. ಕಥೋಲಿಕರು ಬೆರಳೆಣಿಕೆಯವರು ಎಂಬ ಮಾತು ದೆಹಲಿಯ ಮಟ್ಟಿಗೆ ನಿಜವಿರಬಹುದು, ನಮ್ಮ ಓಣಿಯ ಮಟ್ಟಿಗೆ ಅದು ನೆಪ.

ಇಲ್ಲಿ ಶ್ರೀಗ್ರಂಥದ ಕಥೆಯೊಂದು ನೆನಪಿಗೆ ಬರುತ್ತದೆ. ನ್ಯಾಯಸ್ಥಾಪಕರ ಗ್ರಂಥದ ಒಂಬತ್ತನೆಯ ಅಧ್ಯಾಯದಲ್ಲಿ ಯೋತಾಮನು ಬೆಟ್ಟದ ಮೇಲೆ ನಿಂತು ಶೆಕೆಮಿನ ಜನರಿಗೆ ಅದನ್ನು ಹೇಳುತ್ತಾನೆ. ಮರಗಳೆಲ್ಲ ಸೇರಿ ತಮಗೊಬ್ಬ ಅರಸ ಬೇಕೆಂದು ಹೊರಟವು. ಓಲಿವ್ ಮರವನ್ನು ಕೇಳಿದರೆ ಅದು ತನ್ನ ಎಣ್ಣೆಯನ್ನು ಬಿಟ್ಟು ಬರಲು ಒಪ್ಪಲಿಲ್ಲ. ಅಂಜೂರವು ತನ್ನ ಸಿಹಿ ಹಣ್ಣನ್ನೂ ದ್ರಾಕ್ಷೆಯು ತನ್ನ ರಸವನ್ನೂ ನೆಪವಾಗಿ ಒಡ್ಡಿದವು. ಕೊನೆಗೆ ಮುಳ್ಳಿನ ಪೊದೆಯನ್ನು ಕೇಳಿದಾಗ ಅದು ಸಂತೋಷದಿಂದ ಒಪ್ಪಿ, ತನ್ನ ನೆರಳಿನಲ್ಲಿ ಬಂದು ಆಶ್ರಯ ಪಡೆಯಿರಿ, ಇಲ್ಲವಾದರೆ ತನ್ನಿಂದ ಬೆಂಕಿ ಹೊರಟು ದೇವದಾರುಗಳನ್ನೂ ಸುಡುವುದು ಎಂದಿತು. ಮುಳ್ಳುಪೊದೆಗೆ ನೆರಳೆಲ್ಲಿಯದು! ಆದರೆ ಅದಕ್ಕೆ ಪಟ್ಟ ಕಟ್ಟಿದವರು ಯಾರು? ಅದನ್ನು ಕರೆದ ಮರಗಳಷ್ಟೇ ಅಲ್ಲ, ಬರಲೊಲ್ಲದೆ ಹಿಂದೆ ಸರಿದ ಮೂರು ಒಳ್ಳೆಯ ಮರಗಳೂ ಹೌದು.

ಯೋತಾಮನು ಈ ಕಥೆ ಹೇಳಲು ಕಾರಣನಾದ ಅಬೀಮೆಲೆಕನು ಅರಸನಾದ ಬಗೆಯನ್ನೂ ಗಮನಿಸಬೇಕು. ಅವನ ಪರವಾಗಿ ಶೆಕೆಮಿನ ಜನರಿಗೆ ಹೇಳಲಾದ ಕಾರಣ ಒಂದೇ: ಇವನು ನಮ್ಮವನು, ನಮ್ಮ ರಕ್ತಸಂಬಂಧಿ. ಅವನ ಯೋಗ್ಯತೆಯನ್ನು ಯಾರೂ ವಿಚಾರಿಸಲಿಲ್ಲ. ದೇವಸ್ಥಾನದ ಭಂಡಾರದಿಂದಲೇ ಎಪ್ಪತ್ತು ಬೆಳ್ಳಿ ನಾಣ್ಯಗಳನ್ನು ತೆಗೆದುಕೊಟ್ಟರು. ಅದರಿಂದ ಅವನು ಪುಂಡರನ್ನು ಕೂಲಿಗೆ ಹಿಡಿದು ತನ್ನ ಒಡಹುಟ್ಟಿದವರನ್ನೇ ಕೊಲ್ಲಿಸಿದನು. ಒಳ್ಳೆಯವರ ಹಿಂಜರಿಕೆ, 'ನಮ್ಮವನು' ಎಂಬ ಮೋಹ, ಗುಡಿಯಿಂದ ಬಂದ ಹಣ: ಈ ಮೂರೂ ಕೂಡಿದಾಗ ಊರಿಗೆ ಏನಾಗುತ್ತದೆಂಬುದನ್ನು ಆ ಅಧ್ಯಾಯದ ಉಳಿದ ಭಾಗ ತಿಳಿಸುತ್ತದೆ.

ಹಿಂಜರಿಕೆಯ ವಿಷಯವನ್ನು ಮೊದಲು ನೋಡೋಣ. ಆಳಲು ಒಲ್ಲದ ಸಜ್ಜನನಿಗೆ ದೊರೆಯುವ ಅತ್ಯಂತ ದೊಡ್ಡ ದಂಡನೆಯೆಂದರೆ ತನಗಿಂತ ಕೀಳಾದವನಿಂದ ಆಳಿಸಿಕೊಳ್ಳುವುದು ಎಂಬ ವಿಚಾರವನ್ನು ಪ್ಲೇಟೋ ತನ್ನ 'ರಿಪಬ್ಲಿಕ್' ಗ್ರಂಥದ ಮೊದಲ ಭಾಗದಲ್ಲೇ ಎತ್ತಿದ್ದಾನೆ. ನಮ್ಮ ಧರ್ಮಕೇಂದ್ರಗಳಲ್ಲಿ ನಿವೃತ್ತ ಶಿಕ್ಷಕರಿದ್ದಾರೆ, ದಾದಿಯರಿದ್ದಾರೆ, ಲೆಕ್ಕಪತ್ರ ಬಲ್ಲವರಿದ್ದಾರೆ, ಸಂಘಸಂಸ್ಥೆಗಳನ್ನು ಪ್ರಾಮಾಣಿಕವಾಗಿ ನಡೆಸಿದ ಮಹಿಳೆಯರಿದ್ದಾರೆ. ವಾರ್ಡಿಗೆ ಅಭ್ಯರ್ಥಿಯಾಗುವ ಮಾತೆತ್ತಿದರೆ "ಅದು ನಮ್ಮಂಥವರ ಕೆಲಸವಲ್ಲ" ಎನ್ನುತ್ತಾರೆ. ಸ್ಥಳೀಯ ಸಂಸ್ಥೆಗಳಲ್ಲಿ ಅರ್ಧದಷ್ಟು ಸ್ಥಾನಗಳನ್ನು ಸ್ತ್ರೀಯರಿಗೆ ಕಾದಿರಿಸಿರುವ ರಾಜ್ಯ ನಮ್ಮದು. ಆದರೂ ಮನೆಯ ಹೆಣ್ಣುಮಗಳು ಸ್ಪರ್ಧಿಸುವೆನೆಂದರೆ ಮೊದಲು ತಡೆಯುವವರು ನಾವೇ. ಎಣ್ಣೆಯೂ ಹಣ್ಣೂ ರಸವೂ ನಮ್ಮಲ್ಲಿವೆ. ಮುಳ್ಳನ್ನು ಮಾತ್ರ ದೂರುತ್ತೇವೆ.

ಹೆಸರು ನೋಂದಾಯಿಸುವುದರಲ್ಲಿಯೂ ಇದೇ ಹಿಂಜರಿಕೆ. ಉದ್ಯೋಗನಿಮಿತ್ತ ಮಂಗಳೂರಿನಿಂದಲೋ ಕೇರಳದಿಂದಲೋ ತಮಿಳುನಾಡಿನಿಂದಲೋ ಬಂದು ಇಲ್ಲಿ ನೆಲೆಸಿದ ಕುಟುಂಬಗಳಲ್ಲಿ ಕೆಲವರ ಹೆಸರು ಇಂದಿಗೂ ಹುಟ್ಟೂರಿನ ಪಟ್ಟಿಯಲ್ಲಿದೆ. ಕುಡಿಯುವುದು ಇಲ್ಲಿಯ ನೀರು, ಮಕ್ಕಳು ಓದುವುದು ಇಲ್ಲಿಯ ಶಾಲೆಯಲ್ಲಿ, ಮತ ಮಾತ್ರ ದೂರದೂರಿಗೆ! ವಾರ್ಡಿನ ಪಟ್ಟಿಯು ವಿಧಾನಸಭೆಯ ಮತದಾರರ ಪಟ್ಟಿಯಿಂದಲೇ ಸಿದ್ಧವಾಗುತ್ತದೆ. ಹೊಸದಾಗಿ ಹೆಸರು ಸೇರಿಸಲು ನಮೂನೆ 6, ವಾಸಸ್ಥಳ ಬದಲಾಯಿಸಿದವರಿಗೆ ನಮೂನೆ 8. 2022ರಿಂದ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳ ಮೊದಲ ದಿನಾಂಕಗಳು ನಾಲ್ಕೂ ಅರ್ಹತಾ ದಿನಗಳಾಗಿರುವುದರಿಂದ, ಹದಿನೆಂಟು ತುಂಬಿದ ಮಕ್ಕಳು ಮುಂದಿನ ವರ್ಷದವರೆಗೆ ಕಾಯಬೇಕಾಗಿಲ್ಲ. ದೀಕ್ಷಾಸ್ನಾನದ ದಾಖಲೆಯನ್ನು ಜೋಪಾನವಾಗಿಡುವ ತಂದೆತಾಯಿಯರು ಈ ದಾಖಲೆಯ ಬಗ್ಗೆಯೂ ಅಷ್ಟೇ ಕಾಳಜಿ ವಹಿಸಲಿ.

ಎರಡನೆಯದು 'ನಮ್ಮವನು' ಎಂಬ ಮೋಹ. ಇದು ನಮ್ಮ ಬಳಿ ವ್ಯಾಪಾರದ ವೇಷದಲ್ಲಿ ಬರುತ್ತದೆ. ಚುನಾವಣೆ ಸಮೀಪಿಸಿದಂತೆ ಯಾರಾದರೊಬ್ಬರು ಬಂದು, ನಿಮ್ಮ ಸ್ಮಶಾನಕ್ಕೆ ಗೋಡೆ ಹಾಕಿಸುತ್ತೇವೆ, ದೇವಾಲಯದ ಮುಂದಿನ ರಸ್ತೆಗೆ ಡಾಂಬರು ಹಾಕಿಸುತ್ತೇವೆ, ನಿಮ್ಮ ಜನರಿಗೆ ಒಂದು ಮಾತು ಹೇಳಿ ಎನ್ನುತ್ತಾರೆ. ನಮ್ಮವರಲ್ಲಿ ಕೆಲವರಿಗೆ ಇದು ಲಾಭದ ಮಾತಾಗಿ ಕಾಣುತ್ತದೆ. ಅಲ್ಪಸಂಖ್ಯಾತರಿಗೆ ಬೇರೆ ಯಾವ ಬಲವಿದೆ ಎಂದು ಅವರು ಕೇಳುತ್ತಾರೆ. ಆ ಪ್ರಶ್ನೆಯನ್ನು ನಾವು ಹಗುರವಾಗಿ ಕಾಣುವುದಿಲ್ಲ. ಸತ್ತವರನ್ನು ಹೂಳಲು ಸ್ಥಳವಿಲ್ಲದ ಕುಟುಂಬದ ಸಂಕಟವನ್ನು ಬಲ್ಲೆವು. ಆದರೆ ಸಂವಿಧಾನದ ಹನ್ನೆರಡನೆಯ ಅನುಸೂಚಿಯನ್ನು ತೆರೆದು ನೋಡಿ: ನಗರಾಡಳಿತಕ್ಕೆ ವಹಿಸಬಹುದಾದ ಹದಿನೆಂಟು ವಿಷಯಗಳಲ್ಲಿ ನೀರು, ರಸ್ತೆ, ನೈರ್ಮಲ್ಯ, ಜನನ ಮರಣಗಳ ನೋಂದಣಿಗಳ ಜೊತೆಗೆ ಸ್ಮಶಾನವೂ ಸೇರಿದೆ. ನಾಗರಿಕನಿಗೆ ಸಲ್ಲಬೇಕಾದುದನ್ನು ದಾನವಾಗಿ ಸ್ವೀಕರಿಸಿದರೆ, ಕೊಟ್ಟವನು ಒಡೆಯನಾಗುತ್ತಾನೆ, ಪಡೆದವನು ಆಳಾಗುತ್ತಾನೆ. ಗೋಡೆಯನ್ನು ಅರ್ಜಿ ಬರೆದು, ಸಭೆಯಲ್ಲಿ ಕೇಳಿ, ಹಕ್ಕಿನಿಂದ ಪಡೆಯೋಣ. ಮತವನ್ನು ಕೊಟ್ಟು ಕೊಳ್ಳುವುದು ಬೇಡ.

ಇದೇ ಕಾರಣದಿಂದ "ಯಾರಿಗೆ ಹಾಕಬೇಕು?" ಎಂಬ ಪ್ರಶ್ನೆಗೆ ನಾವು ಹೆಸರು ಹೇಳುವುದಿಲ್ಲ. ಯಾಜಕರು ರಾಜಕೀಯ ಪಕ್ಷಗಳಲ್ಲಿ ಸಕ್ರಿಯರಾಗಬಾರದೆಂದು 1983ರ ಧರ್ಮಸಭೆಯ ಕಾನೂನು ಸಂಹಿತೆ ವಿಧಿಸಿದೆ. ಧರ್ಮದ ಹೆಸರಿನಲ್ಲಿ ಮತ ಕೇಳುವುದನ್ನು ದೇಶದ ಚುನಾವಣಾ ಕಾನೂನು ಭ್ರಷ್ಟಾಚಾರವೆಂದು ಕರೆದಿದೆ. ಅಭ್ಯರ್ಥಿಯ ಧರ್ಮವಷ್ಟೇ ಅಲ್ಲ, ಮತದಾರನ ಧರ್ಮವನ್ನು ಮುಂದೊಡ್ಡುವುದೂ ಇದಕ್ಕೆ ಸೇರುತ್ತದೆಂದು ಸರ್ವೋಚ್ಚ ನ್ಯಾಯಾಲಯ 2017ರಲ್ಲಿ ತೀರ್ಪಿತ್ತಿದೆ. ಆದರೆ ಕಾನೂನಿಗಿಂತಲೂ ಆಳವಾದ ಕಾರಣವೊಂದಿದೆ. ಮತವು ಅಂತಃಸಾಕ್ಷಿಯ ಕ್ರಿಯೆ. ಪಾಪನಿವೇದನೆಯನ್ನು ಒಬ್ಬರ ಬದಲಿಗೆ ಮತ್ತೊಬ್ಬರು ಮಾಡಲಾಗದಂತೆ, ಇದನ್ನೂ ಮಾಡಲಾಗದು. ಎರಡನೆಯ ವ್ಯಾಟಿಕನ್ ಮಹಾಸಭೆಯು 1965ರಲ್ಲಿ ಮತದಾನವನ್ನು ಹಕ್ಕೆಂದೂ ಕರ್ತವ್ಯವೆಂದೂ ಬೋಧಿಸಿತು; ಜಗದ್ಗುರು ಎರಡನೆಯ ಜಾನ್ ಪೌಲರು 1988ರಲ್ಲಿ ಶ್ರೀಸಾಮಾನ್ಯ ವಿಶ್ವಾಸಿಗಳು ಸಾರ್ವಜನಿಕ ಜೀವನದಿಂದ ಹಿಂದೆಗೆಯಲಾಗದೆಂದರು. ಈ ಹೊಣೆಯನ್ನು ಹೊರಿಸಿರುವುದು ವಿಶ್ವಾಸಿಯ ಮೇಲೆ. ಅದನ್ನು ಗುರುವಿನ ಕೈಗೆ ಒಪ್ಪಿಸುವುದು ಭಕ್ತಿಯಲ್ಲ.

ಹೆಸರು ಹೇಳದಿದ್ದರೂ ಒರೆಗಲ್ಲನ್ನು ಕೊಡಬಹುದು. ಅದಕ್ಕೆ ಧರ್ಮಸಭೆಯ ಭಾಷೆಯಲ್ಲಿ ಸರ್ವರ ಹಿತವೆಂದು ಹೆಸರು. ಸರ್ವರ ಹಿತವೆಂಬುದು ಬಹುಜನರ ಲಾಭವಲ್ಲ, ನಮ್ಮ ಪಾಲೂ ಅಲ್ಲ. ಅದು ಎಷ್ಟು ಕಠಿಣವೆಂಬುದಕ್ಕೆ ಹೇಮಾವತಿಯ ನೀರೇ ಸಾಕ್ಷಿ. ತುಮಕೂರಿನ ನಲ್ಲಿಗಳಿಗೆ ಬುಗುಡನಹಳ್ಳಿ ಕೆರೆಯ ಮೂಲಕ ಬರುವುದು ಆ ನೀರು. ಅದನ್ನು ಕುಣಿಗಲ್ ಕಡೆಗೆ ಒಯ್ಯುವ ಎಕ್ಸ್‌ಪ್ರೆಸ್ ಲಿಂಕ್ ಕಾಲುವೆಯ ವಿರುದ್ಧ 2025ರ ಮೇ ತಿಂಗಳಲ್ಲಿ ಗುಬ್ಬಿ ತಾಲ್ಲೂಕಿನಲ್ಲಿ ದೊಡ್ಡ ಪ್ರತಿಭಟನೆ ನಡೆಯಿತು. ಗುಬ್ಬಿಯ ರೈತನಿಗೆ ತನ್ನ ತೋಟ ಒಣಗುವ ಭಯ, ಕುಣಿಗಲ್ಲಿನವನಿಗೆ ತನ್ನ ಪಾಲು ಎಂದೂ ಬರಲಿಲ್ಲವೆಂಬ ನೋವು. ಎರಡೂ ಊರಿನ ನಮ್ಮ ಕುಟುಂಬಗಳು ಒಂದೇ ಪರಮಪ್ರಸಾದವನ್ನು ಸ್ವೀಕರಿಸುತ್ತವೆ. ಈ ವಿವಾದವನ್ನು ತೀರಿಸುವವರು ನಗರಸಭೆಯ ಸದಸ್ಯರಲ್ಲ, ರಾಜ್ಯ ಸರ್ಕಾರದವರು, ನಿಜ. ಆದರೆ ಕೆರೆಗೆ ಬಂದ ನೀರು ಯಾವ ಬಡಾವಣೆಗೆ ದಿನವೂ ಹರಿಯಬೇಕು, ಯಾವ ಕೊಳೆಗೇರಿ ವಾರಗಟ್ಟಲೆ ಕಾಯಬೇಕು ಎಂಬುದು ನಗರಾಡಳಿತದ ವಿಷಯವೇ. "ನಮಗೆ ಮೊದಲು" ಎಂಬ ಮಾತನ್ನು ಅಲ್ಲಿ ಸಾಮಾನ್ಯವಾಗಿ ಹೇಳುವವರು ಉಳ್ಳವರು.

ಆದುದರಿಂದ ಅಭ್ಯರ್ಥಿ ಮನೆಬಾಗಿಲಿಗೆ ಬಂದಾಗ ನಮ್ಮ ಓಣಿಯ ಬಗ್ಗೆ ಕೇಳುವ ಮೊದಲು ನಮಗಿಂತ ಬಡವರ ಓಣಿಯ ಬಗ್ಗೆ ಕೇಳೋಣ. ಮ್ಯಾನ್‌ಹೋಲಿಗೆ ಮನುಷ್ಯರನ್ನು ಇಳಿಸಿ ಶುಚಿಗೊಳಿಸುವುದನ್ನು 2013ರ ಕಾಯಿದೆ ನಿಷೇಧಿಸಿದೆ. ಅದನ್ನು ತಡೆಯಲು ಏನು ಮಾಡುವಿರಿ ಎನ್ನೋಣ. ಪೌರಕಾರ್ಮಿಕರಿಗೆ ಕೈಗವಸೂ ಸಕಾಲಕ್ಕೆ ಸಂಬಳವೂ ದೊರೆಯುವುದೇ ಎನ್ನೋಣ. ಪಾಲಿಕೆಯ ಆಯವ್ಯಯ ಪತ್ರವನ್ನು ಓದಿದ್ದೀರಾ ಎನ್ನೋಣ. ಉತ್ತರ ಬಾರದಿದ್ದರೆ ಅದೂ ಒಂದು ಉತ್ತರವೇ. ಹಿಂದಿನ ರಾತ್ರಿ ಲಕೋಟೆ, ಸೀರೆ, ಕುಕ್ಕರು ಬಂದರೆ ಹಿಂದಿರುಗಿಸೋಣ. "ಎಲ್ಲರ ಬಳಿಯೂ ತೆಗೆದುಕೊಂಡು ಮನಸ್ಸಿಗೆ ಬಂದವರಿಗೆ ಹಾಕುತ್ತೇವೆ" ಎಂಬ ಜಾಣತನದಲ್ಲಿ ಎರಡು ಸುಳ್ಳುಗಳಿವೆ. ಕೊಟ್ಟವನಿಗೊಂದು, ಅದನ್ನು ನೋಡುತ್ತಿರುವ ಮಕ್ಕಳಿಗೊಂದು.

ಮತ ಹಾಕಿದ ಮೇಲೂ ಕೆಲಸ ಉಳಿಯುತ್ತದೆ. ಮೂರು ಲಕ್ಷ ಮೀರಿದ ನಗರಗಳಲ್ಲಿ ವಾರ್ಡ್ ಸಮಿತಿಗಳಿರಬೇಕೆಂದು ಸಂವಿಧಾನವೇ ಹೇಳಿದೆ. ಅವು ಕಾಗದದ ಮೇಲೆ ಉಳಿದರೆ ಅದು ಅಧಿಕಾರಿಗಳ ತಪ್ಪು ಮಾತ್ರವಲ್ಲ, ಕೇಳದ ನಮ್ಮ ತಪ್ಪೂ ಹೌದು. ಪ್ರತಿ ಧರ್ಮಕೇಂದ್ರದ ಪಾಲನಾ ಪರಿಷತ್ತು ಇಬ್ಬರನ್ನಾದರೂ ಈ ಕೆಲಸಕ್ಕೆ ಗೊತ್ತುಮಾಡಲಿ. ಅವರು ಪಕ್ಷದ ಕೆಲಸ ಮಾಡದೆ ಪಟ್ಟಿಯಲ್ಲಿ ಹೆಸರು ಸೇರಿಸಲಿ, ಸಭೆ ಕರೆಯಿರೆಂದು ಅರ್ಜಿ ಕೊಡಲಿ, ನೆರೆಯ ಹಿಂದೂ, ಮುಸ್ಲಿಂ ಕುಟುಂಬಗಳೊಡನೆ ಸೇರಿಯೇ ಕೊಡಲಿ. ಬಾಬಿಲೋನಿಗೆ ಸೆರೆಹೋದವರಿಗೆ ಪ್ರವಾದಿ ಯೆರೆಮೀಯನು ಬರೆದ ಪತ್ರದಲ್ಲಿ, ತಾವಿರುವ ಆ ಪರನಗರದ ಕ್ಷೇಮವನ್ನೇ ಅರಸಬೇಕೆಂದು ತಿಳಿಸಿದನು. ನಾವಾದರೋ ಸೆರೆಯವರಲ್ಲ, ಈ ನೆಲದ ಮಕ್ಕಳು.

ಪೂಜೆಯ ಸಾರ್ವತ್ರಿಕ ಪ್ರಾರ್ಥನೆಯಲ್ಲಿ ನಾವು ಆಳುವವರಿಗಾಗಿ ಪ್ರಾರ್ಥಿಸುತ್ತೇವೆ. ಸಭೆಯೆಲ್ಲ ಒಂದೇ ದನಿಯಲ್ಲಿ ಉತ್ತರ ಕೊಡುತ್ತದೆ. ಒಳ್ಳೆಯ ಆಡಳಿತಗಾರರನ್ನು ಕೊಡು ಎಂದು ದೇವರನ್ನು ಬೇಡಿ, ಮತದಾನದ ದಿನ ಮನೆಯಲ್ಲೇ ಉಳಿದರೆ ಆ ಪ್ರಾರ್ಥನೆಗೆ ಅರ್ಥವೇನು? ನಮ್ಮ ಊರುಗಳಲ್ಲಿ ಮುಂದೆ ಚುನಾವಣೆ ಬಂದಾಗ ಓಲಿವ್ ಮರವೂ ಅಂಜೂರವೂ ದ್ರಾಕ್ಷೆಯೂ ಮನೆಯಿಂದ ಹೊರಡಲಿ. ಮುಳ್ಳುಪೊದೆಯ ಬಗ್ಗೆ ಆಮೇಲೆ ಮಾತನಾಡೋಣ.