ನೋವಿನ ವೈದ್ಯರು ತಾಲ್ಲೂಕಿಗೂ ಬರಲಿ

ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣದ ತಂಬಾಕು ಬೆಳೆಗಾರರು ಸಸಿ ನೆಡಲು ದಿನವಿಡೀ ಬಗ್ಗುತ್ತಾರೆ. ಬೇಯಿಸಿದ ಸೊಪ್ಪನ್ನು ಗಂಟೆಗಟ್ಟಲೆ ನೆಲದಲ್ಲಿ ಕೂತು ವಿಂಗಡಿಸುತ್ತಾರೆ. ಕೆ.ಆರ್. ನಗರದ ಭತ್ತದ ಗದ್ದೆಯಲ್ಲೂ ಸೊಂಟಕ್ಕೆ ಬಿಡುವಿಲ್ಲ. ನೋವು ತಡೆಯದಾದಾಗ ಮೆಡಿಕಲ್ ಸ್ಟೋರಿನ ಮಾತ್ರೆಯೇ ಗತಿ. ತಿಂಗಳುಗಟ್ಟಲೆ ನುಂಗಿದರೆ ಅದು ಹೊಟ್ಟೆ, ಮೂತ್ರಪಿಂಡಗಳನ್ನು ಕೆಡಿಸಬಹುದು.

ನೋವಿಗೆಂದೇ ವೈದ್ಯರಿದ್ದಾರೆ. ಹೆಚ್ಚಿನವರು ಅರಿವಳಿಕೆ ಶಾಸ್ತ್ರದಲ್ಲಿ ಎಂ.ಡಿ. ಮುಗಿಸಿ, ನೋವಿನ ಚಿಕಿತ್ಸೆಯಲ್ಲಿ ವಿಶೇಷ ತರಬೇತಿ ಪಡೆದವರು. ಅಲ್ಟ್ರಾಸೌಂಡ್ ಪರದೆಯಲ್ಲಿ ಸೂಜಿಯ ದಾರಿ ನೋಡುತ್ತಾ ನರದ ಬಳಿಗೇ ಔಷಧ ತಲುಪಿಸುತ್ತಾರೆ. ರೋಗಿಯ ನಿದ್ದೆ, ದುಡಿಮೆ, ಮನಸ್ಸನ್ನೂ ವಿಚಾರಿಸುತ್ತಾರೆ.

ಇಂಥ ಚಿಕಿತ್ಸೆ ಹಳ್ಳಿಗರ ಬಳಿಗೂ ಬರಬಹುದು. 1984ರಲ್ಲಿ ಮೈಸೂರಿನ ವೈದ್ಯಕೀಯ ವಿದ್ಯಾರ್ಥಿಗಳು ಕಟ್ಟಿದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಎಚ್.ಡಿ. ಕೋಟೆಯ ಕಾಡಂಚಿಗೇ ಆಸ್ಪತ್ರೆ ತಂದಿತು. ಹಾಗಿರುವಾಗ ತಾಲ್ಲೂಕು ಆಸ್ಪತ್ರೆಗಳಲ್ಲಿ ವಾರಕ್ಕೊಂದು ದಿನ ನೋವಿನ ಕ್ಲಿನಿಕ್ ನಡೆಸುವುದು ಆಗದ ಮಾತಲ್ಲ. ಅರಿವಳಿಕೆ ತಜ್ಞರಿಗೆ ತರಬೇತಿ ಕೊಟ್ಟು ಸರ್ಕಾರ ಇದನ್ನು ಬೇಗ ಆರಂಭಿಸಬೇಕು.