ಊದುಗೊಳವೆ ಮತ್ತು ಫೆರಾರಿ

ಹೊಸ ಟರ್ಬೊ ಕಾರಿನ ಸುಖ ನಮಗೂ ಅರ್ಥವಾಗುತ್ತೆ ಸ್ವಾಮಿ. ಇಂಜಿನ್ ಕಕ್ಕುವ ಹೊಗೆಯ ರಭಸದಿಂದಲೇ ಚಕ್ರ ತಿರುಗಿಸಿ, ಅದರಿಂದ ಇಂಜಿನ್ನಿಗೆ ಹೆಚ್ಚು ಗಾಳಿ ತುರುಕಿ, ಬೆಂಕಿಯ ಬಲ ಹೆಚ್ಚಿಸೋದೇ ಟರ್ಬೊ. ಗಾಳಿ ಊದಿದರೆ ಉರಿ ಏಳುತ್ತೆ ಅನ್ನೋದು ಊದುಗೊಳವೆ ಹಿಡಿದ ನಮ್ಮ ಅವ್ವಂದಿರಿಗೆ ಗೊತ್ತಿದ್ದದ್ದೇ. ಹಸಿ ಸೌದೆಯ ಹೊಗೆಯಲ್ಲಿ ಕಣ್ಣು ಕಳಕೊಂಡವರು ಅವರು.

ಹೊಟ್ಟೆಕಿಚ್ಚಿಲ್ಲ, ಓಡಿಸಲಿ. ಆದರೆ 2025ರ ಜುಲೈನಲ್ಲಿ ಬೆಂಗಳೂರಿನ ಸಾರಿಗೆ ಇಲಾಖೆ ಹಿಡಿದ ಮೇಲಷ್ಟೇ ಒಂದು ಫೆರಾರಿಯ ಒಡೆಯರಿಂದ ಸುಮಾರು 1.42 ಕೋಟಿ ರೂಪಾಯಿ ತೆರಿಗೆ ಹೊರಬಿತ್ತು. ನೋಂದಣಿ ಮಹಾರಾಷ್ಟ್ರದ್ದು, ಮೋಜು ಬೆಂಗಳೂರಿನ ರಸ್ತೇಲಿ! ಬೆಂಕಿಪೊಟ್ಟಣಕ್ಕೂ ತೆರಿಗೆ ತೆತ್ತು ಮನೆಗೆ ತರುವ ನಾವು ಕೇಳ್ತೀವಿ: ಉರಿಬಿಸಿಲಲ್ಲಿ, ಕಾದ ಡಾಂಬರಿನ ಹಬೆ ಕುಡಿದು ಆ ರಸ್ತೆ ಹಾಸಿದವರು ಯಾರು? ಆ ವರ್ಷದ ಫೆಬ್ರವರಿಯಲ್ಲೂ ಇಂಥವೇ 30 ದುಬಾರಿ ಕಾರು ಹಿಡಿದಿದ್ದರು. ಇನ್ನೂ ಹಿಡಿಯದೆ ಬಿಟ್ಟವೆಷ್ಟು? ಲೆಕ್ಕ ಕೊಡಿ.