ಹಾಡು ಹಿಟ್ ಆಯ್ತು, ತಂಡ ಮನೆಗೆ ಬಂತು



ಈ ಸಲ ಮಾತು ಫುಟ್‌ಬಾಲ್‌ನಿಂದ ಶುರು. ಕಾಸರಗೋಡು, ವಯನಾಡಿನ ಹುಡುಗರಿಗೆ ಇದರ ಹುಚ್ಚು ಏನು ಅಂತ ಹೇಳಿಕೊಡಬೇಕಿಲ್ಲ. ವಿಶ್ವಕಪ್ ಬಂದರೆ ಊರಿಗೆ ಊರೇ ಬ್ರೆಜಿಲ್, ಅರ್ಜೆಂಟೀನಾ ಅಂತ ಎರಡು ಪಾಲಾಗುತ್ತೆ, ಕವಲುದಾರಿಗೊಂದು ಫ್ಲೆಕ್ಸ್ ಏಳುತ್ತೆ. ಸೊಲ್ಲಾಪುರ, ಜತ್ತ, ಆದೋನಿ ಕಡೆಯ ಕ್ರಿಕೆಟ್ ಮಂದಿಯೂ ಸ್ವಲ್ಪ ತಾಳ್ಮೆ ಇಟ್ಟು ಓದಿ. ನಾವು ಹೇಳಹೊರಟಿರೋ ಹಾಡಿನ ಕತೆಯಲ್ಲಿ ನಮ್ಮೆಲ್ಲರ ಶಾಲೆಗಳ ಲೆಕ್ಕವೂ ಇದೆ.

1978. ವಿಶ್ವಕಪ್ ಅರ್ಜೆಂಟೀನಾದಲ್ಲಿ. ಬ್ರಿಟನ್ನಿನ ತಂಡಗಳಲ್ಲಿ ಅರ್ಹತೆ ಪಡೆದದ್ದು ಸ್ಕಾಟ್ಲೆಂಡ್ ಒಂದೇ. ಇಂಗ್ಲೆಂಡ್ ಮನೆಯಲ್ಲೇ ಉಳಿದಿತ್ತು. ಸದಾ ದೊಡ್ಡಣ್ಣನ ನೆರಳಲ್ಲಿ ಇರೋ ನಾಡಿಗೆ ಇದಕ್ಕಿಂತ ದೊಡ್ಡ ಹಬ್ಬ ಬೇಕಾ? ಆಗ ಗ್ಲಾಸ್ಗೋದ ಹಾಸ್ಯಗಾರ ಆಂಡಿ ಕ್ಯಾಮರೂನ್ ಒಂದು ತಮಾಷೆ ಹಾಡು ತಂದ. ಹೆಸರು ‘ಆಲೀಸ್ ಟಾರ್ಟನ್ ಆರ್ಮಿ’. ಆಲಿ ಅಂದ್ರೆ ತಂಡದ ಮ್ಯಾನೇಜರ್ ಆಲಿ ಮೆಕ್ಲೌಡ್. ಟಾರ್ಟನ್ ಅಂದ್ರೆ ಸ್ಕಾಟ್ಲೆಂಡಿನವರ ಚೌಕುಳಿ ಬಟ್ಟೆ. ಅದನ್ನ ತೊಟ್ಟು ಹೊರಟ ಅಭಿಮಾನಿಗಳೇ ಆ ಆರ್ಮಿ. ರಾಗ ಹಳೇದು, ಜನರ ಬಾಯಲ್ಲಿ ಮೊದಲೇ ಇದ್ದದ್ದು. ಮಾತು ಬೀದಿಯದು. ಕಪ್ ನಮ್ಮದೇ ಅನ್ನೋ ಜಂಬ, ಇಂಗ್ಲೆಂಡಿಗೆ ಒಂದು ಕುಟುಕು, ಅಷ್ಟೇ ಅದರ ತಿರುಳು.

ಹಾಡು ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 6ನೇ ಸ್ಥಾನಕ್ಕೆ ಏರಿತು. ‘ಟಾಪ್ ಆಫ್ ದಿ ಪಾಪ್ಸ್’ ಟಿವಿ ಕಾರ್ಯಕ್ರಮದಲ್ಲೂ ಕ್ಯಾಮರೂನ್ ಹಾಡಿದ. ತಂಡ ಹೊರಡೋ ಮೊದಲು ಗ್ಲಾಸ್ಗೋದ ಹ್ಯಾಂಪ್ಡನ್ ಪಾರ್ಕ್ ಮೈದಾನದಲ್ಲಿ ಬೀಳ್ಕೊಡುಗೆ ನಡೀತು. ಅಲ್ಲಿ ಪಂದ್ಯ ಇರಲಿಲ್ಲ. ತೆರೆದ ಬಸ್ಸಲ್ಲಿ ಆಟಗಾರರು ಒಂದು ಸುತ್ತು ಹಾಕೋದನ್ನ ನೋಡೋಕೇ ಸಾವಿರಾರು ಜನ ಸೇರಿದ್ರು. ಗೆದ್ದ ಮೇಲೆ ಮಾಡಬೇಕಾದ ಮೆರವಣಿಗೆ ಹೊರಡೋ ಮುಂಚೆಯೇ ಮುಗೀತು.

ಆಮೇಲೆ ಏನಾಯ್ತು? ಜೂನ್ 3ರಂದು ಪೆರು ಎದುರು 1–3 ಸೋಲು. ಜೂನ್ 7ರಂದು ಇರಾನ್ ಜೊತೆ 1–1. ಆ ಒಂದು ಗೋಲೂ ಇರಾನಿನ ಆಟಗಾರನೇ ತನ್ನ ಬಲೆಗೆ ಹೊಡೆದುಕೊಂಡದ್ದು. ಜೂನ್ 11ರಂದು ನೆದರ್ಲೆಂಡ್ಸನ್ನ ಮೂರು ಗೋಲಿನ ಅಂತರದಲ್ಲಿ ಸೋಲಿಸಬೇಕಿತ್ತು. 3–2 ಗೆದ್ರು. ಆರ್ಚಿ ಗೆಮ್ಮಿಲ್ ಅವತ್ತು ಹೊಡೆದ ಗೋಲನ್ನ ಸ್ಕಾಟ್ಲೆಂಡ್ ಇವತ್ತಿಗೂ ಮರೆತಿಲ್ಲ. ಆದರೂ ಗೋಲಿನ ವ್ಯತ್ಯಾಸದಲ್ಲಿ ಹೊರಬಿದ್ದು ಮನೆಗೆ ಬಂದ್ರು.

ಅವರು ಸೋಲಿಸಿದ ಅದೇ ನೆದರ್ಲೆಂಡ್ಸ್ ಮುಂದೆ ಫೈನಲ್ ಆಡಿತು. ಅಂದ್ರೆ ಸ್ಕಾಟ್ಲೆಂಡಿನವರ ಕಾಲಲ್ಲಿ ಆಟ ಇತ್ತು. ಮುಂದೆ ನಿಂತವರು ಯಾರು ಅನ್ನೋ ಲೆಕ್ಕ ಇರಲಿಲ್ಲ. ಪೆರು ತಂಡದ ಕ್ಯುಬಿಯಾಸ್ 1970ರ ವಿಶ್ವಕಪ್‌ನಲ್ಲೇ ಹೆಸರು ಮಾಡಿದ್ದ ಆಟಗಾರ, ಗುಟ್ಟಿನ ಅಸ್ತ್ರ ಏನಲ್ಲ. ಅವನೇ ಎರಡು ಗೋಲು ಹೊಡೆದ. ಸಿದ್ಧತೆ ಸಾಲದಾಗಿತ್ತು ಅನ್ನೋ ದೂರು ಅಂದಿನಿಂದ ಇಂದಿನವರೆಗೂ ಇದೆ.

ಇಲ್ಲಿ ಕೆಲವು ಹಿರಿಯರು ತಕ್ಷಣ ಹೇಳ್ತಾರೆ: “ನೋಡಿದಿರಾ? ಅಭಿಮಾನದ ವಿಷಯದಲ್ಲಿ ತಮಾಷೆ ಮಾಡಿದ್ರೆ ಹೀಗೇ ಆಗೋದು.” ಸ್ವಾಮಿ, ಇದನ್ನ ನಾವು ಸುತರಾಂ ಒಪ್ಪಲ್ಲ. ಹಾಸ್ಯಗಾರನ ಕೆಲಸ ನಗಿಸೋದು, ಅದನ್ನ ಅವನು ಚೆನ್ನಾಗೇ ಮಾಡಿದ. ಪೆರುವಿನ ಆಟ ನೋಡಿ ಟಿಪ್ಪಣಿ ಬರೆದುಕೊಂಡು ಬರೋದು ಅವನ ಕೆಲಸವಾ? ತಮಾಷೆಯನ್ನ ಖಾತ್ರಿಪತ್ರ ಅಂತ ತಿಳಿದು, ಇನ್ನೂ ಬಾರದ ದುಡ್ಡನ್ನ ಜಮಾ ಕಡೆ ಬರೆದುಕೊಂಡವರದ್ದು ತಪ್ಪು.

ಹಾಸ್ಯಗಾರರು ಬೇರೆ ಥರದ ಹಾಡೂ ಮಾಡಬಲ್ಲರು. 1996ರಲ್ಲಿ ಯುರೋ ಕಪ್ ಇಂಗ್ಲೆಂಡಿನಲ್ಲೇ ನಡೀತು. ಡೇವಿಡ್ ಬ್ಯಾಡಿಯಲ್, ಫ್ರಾಂಕ್ ಸ್ಕಿನ್ನರ್ ಅನ್ನೋ ಇಬ್ಬರು ಹಾಸ್ಯಗಾರರು ಸಂಗೀತಗಾರ ಇಯಾನ್ ಬ್ರೌಡಿ ಜೊತೆ ‘ತ್ರೀ ಲಯನ್ಸ್’ ಮಾಡಿದ್ರು. ಅದರಲ್ಲಿ ಜಂಬ ಇಲ್ಲ. 1966ರಲ್ಲಿ ಒಮ್ಮೆ ಗೆದ್ದದ್ದು ಬಿಟ್ಟರೆ ವರ್ಷ ವರ್ಷವೂ ಸೋತು ನೊಂದಿದ್ದೀವಿ, ಆದರೂ ಆಸೆ ಬಿಟ್ಟಿಲ್ಲ ಅನ್ನೋದು ಅದರ ಧಾಟಿ. ಆ ಸಲವೂ ಸೆಮಿಫೈನಲ್‌ನಲ್ಲಿ ಜರ್ಮನಿ ಎದುರು ಪೆನಾಲ್ಟಿಯಲ್ಲಿ ಸೋತ್ರು. ಕಪ್ ಗೆದ್ದ ಜರ್ಮನ್ನರೇ ಆ ಹಾಡನ್ನ ತಮ್ಮ ಊರಲ್ಲಿ ಹಾಡಿ ಸಂಭ್ರಮಿಸಿದ್ರು! ಸೋಲನ್ನ ಒಪ್ಪಿಕೊಂಡ ಆ ಹಾಡು ಸೋಲಿನ ಜೊತೆ ಸಾಯಲಿಲ್ಲ. 2018ರಲ್ಲಿ ಇಂಗ್ಲೆಂಡ್ ಸೆಮಿಫೈನಲ್ ತಲುಪಿದಾಗ ಮತ್ತೆ 1ನೇ ಸ್ಥಾನಕ್ಕೆ ಬಂತು. ಆದರೆ ತಂಡ ಸೋತ ಮರುವಾರ 97ನೇ ಸ್ಥಾನಕ್ಕೆ ಬಿತ್ತು.

1ರಿಂದ 97ಕ್ಕೆ, ಒಂದೇ ವಾರದಲ್ಲಿ. ಹಾಡು ಅದೇ, ಜನರೂ ಅವರೇ. ಹಾಡಿನ ಮೇಲಿನ ಅಭಿಮಾನದ ಆಯಸ್ಸು ಎಷ್ಟು ಅಂತ ಇದಕ್ಕಿಂತ ಚೆನ್ನಾಗಿ ಯಾರು ಹೇಳ್ತಾರೆ?

ಮತ್ತೆ ಸ್ಕಾಟ್ಲೆಂಡಿಗೆ ಬರೋಣ. ಅರ್ಜೆಂಟೀನಾದಿಂದ ತಂಡ ಮರಳಿ ವರ್ಷ ತುಂಬೋ ಮೊದಲೇ, 1979ರ ಮಾರ್ಚ್ 1ರಂದು ಅಲ್ಲಿ ಜನಮತಗಣನೆ ನಡೀತು. ಸ್ಕಾಟ್ಲೆಂಡಿಗೆ ತನ್ನದೇ ಶಾಸನಸಭೆ ಬೇಕಾ, ಬೇಡವಾ ಅನ್ನೋ ಪ್ರಶ್ನೆ. ಮತ ಹಾಕಿದವರಲ್ಲಿ ಶೇ 51.6 ಜನ ‘ಬೇಕು’ ಅಂದ್ರು. ಆದರೂ ಸಿಗಲಿಲ್ಲ. ಯಾಕಂದ್ರೆ ಮತದಾರರ ಪಟ್ಟಿಯಲ್ಲಿ ಇರೋರಲ್ಲಿ ಶೇ 40 ಜನ ‘ಬೇಕು’ ಅನ್ನಬೇಕು ಅಂತ ಕಾನೂನಿನಲ್ಲಿ ಷರತ್ತು ಸೇರಿಸಿದ್ರು. ಬಂದದ್ದು ಶೇ 32.9. ಮನೆಯಲ್ಲಿ ಸುಮ್ಮನೆ ಕೂತವರೆಲ್ಲ ಲೆಕ್ಕದಲ್ಲಿ ‘ಬೇಡ’ ಅಂದವರ ಜೊತೆಗೇ ಸೇರಿಹೋದ್ರು. ಫುಟ್‌ಬಾಲ್ ಸೋಲಿನಿಂದ ಹೀಗಾಯ್ತು ಅಂತ ನಾವು ಹೇಳ್ತಿಲ್ಲ. ಹಾಡೋಕೆ ಗಂಟಲು ಸಾಕು, ಲೆಕ್ಕಕ್ಕೆ ತಲೆ ಬೇಕು ಅಂತ ಮಾತ್ರ ಹೇಳ್ತಿದ್ದೀವಿ.

1992ರ ಚುನಾವಣೆಯಲ್ಲಿ ಸೋತ ಸ್ಕಾಟಿಷ್ ನ್ಯಾಷನಲ್ ಪಾರ್ಟಿ ಮುಖಂಡ ಜಿಮ್ ಸಿಲ್ಲರ್ಸ್ ತನ್ನ ಜನಕ್ಕೇ ಒಂದು ಮಾತು ಎಸೆದ: ನಮ್ಮಲ್ಲಿ ತೊಂಬತ್ತು ನಿಮಿಷದ ದೇಶಭಕ್ತರು ಜಾಸ್ತಿ. ಪಂದ್ಯ ನಡೆಯೋ ತೊಂಬತ್ತು ನಿಮಿಷ ನಾಡು ನಾಡು ಅಂತ ಕೂಗ್ತಾರೆ, ಸೀಟಿ ಊದಿದ ಮೇಲೆ ಮರೆತುಬಿಡ್ತಾರೆ ಅಂತ ಅರ್ಥ.

ಈ ಜಾತಿಯವರಿಗೆ ನಮ್ಮಲ್ಲಿ ಹೆಸರು ಮೊದಲೇ ಇದೆ ಅಲ್ವಾ? ನವೆಂಬರ್ ಕನ್ನಡಿಗರು.

ನವೆಂಬರ್ ಬಂದರೆ ಗಡಿ ತಾಲೂಕುಗಳಲ್ಲೂ ಡಿಜೆ, ಕೆಂಪು-ಹಳದಿ ಶಾಲು, ರೀಲ್ಸ್. ಅದನ್ನ ನಾವು ಹೀಯಾಳಿಸಲ್ಲ. ಪರರಾಜ್ಯದಲ್ಲಿ ನಿಂತು ಕನ್ನಡ ಬಾವುಟ ಹಿಡಿಯೋದಕ್ಕೆ ಎಷ್ಟು ಗುಂಡಿಗೆ ಬೇಕು ಅಂತ ಬೆಂಗಳೂರಿನ ವೇದಿಕೆಗಳಿಗೆ ಗೊತ್ತಾಗಲ್ಲ. ಆದರೆ ಕೇಳಲೇಬೇಕು: ರೀಲ್ಸ್‌ನಲ್ಲಿ ಕುಣಿದವರ ಮನೆಯ ಮಗು ಒಂದನೇ ಕ್ಲಾಸಿಗೆ ಸೇರಿದ್ದು ಎಲ್ಲಿ? ಕನ್ನಡ ವಿಭಾಗದ ಹಾಜರಿ ಪುಸ್ತಕದಲ್ಲಿ ಎಷ್ಟು ಹೆಸರಿವೆ?

ನಮ್ಮ ಪೆರು ಯಾವುದು ಅಂತ ಒಮ್ಮೆ ನೋಡಿ. 2006ರಲ್ಲಿ ತಮಿಳುನಾಡು ತಮಿಳು ಕಲಿಕೆ ಕಾಯ್ದೆ ತಂತು. 2017ರಲ್ಲಿ ಕೇರಳ ಮಲಯಾಳ ಕಡ್ಡಾಯ ಮಾಡಿತು. 2018ರಲ್ಲಿ ತೆಲಂಗಾಣ ತೆಲುಗಿಗೆ, 2020ರಲ್ಲಿ ಮಹಾರಾಷ್ಟ್ರ ಮರಾಠಿಗೆ ಕಾಯ್ದೆ ಮಾಡಿದವು. ನೆಲದ ಭಾಷೆ ಕಲಿಯೋಕೆ ನಮ್ಮ ತಕರಾರಿಲ್ಲ. ಸಂತೆ, ಕಚೇರಿ, ಗೆಳೆತನ ಎಲ್ಲವೂ ಆ ಭಾಷೆಯಲ್ಲಿದೆ, ನಮ್ಮ ಮಕ್ಕಳು ಅದನ್ನ ಚೆನ್ನಾಗೇ ಕಲೀತಾರೆ. ಆದರೆ ಹೊಸ ಭಾಷೆ ಒಳಗೆ ಬರುವಾಗ ಕನ್ನಡದ ಪೀರಿಯಡ್, ಕನ್ನಡದ ಮೇಷ್ಟ್ರು ಹೊರಗೆ ಹೋಗದ ಹಾಗೆ ನೋಡಿಕೊಳ್ಳೋರು ಯಾರು? ಕನ್ನಡ ಶಾಲೆಗೆ ಕನ್ನಡ ಬಾರದ ಶಿಕ್ಷಕರನ್ನ ಕಳಿಸಿದಾಗ ಕಾಸರಗೋಡಿನ ಪೋಷಕರು ಶಾಲೆ ಬಾಗಿಲಲ್ಲಿ ಕೂತು ಪ್ರತಿಭಟಿಸಿದ್ರಲ್ಲ, ಅದು ಆಟ. ಉಳಿದದ್ದೆಲ್ಲ ಗ್ಯಾಲರಿ.

ಆಟದ ನಿಯಮವನ್ನೂ ಬಾಯಿಪಾಠ ಮಾಡಿಕೊಳ್ಳಿ. 1956ರ ಏಳನೇ ತಿದ್ದುಪಡಿ ನಮಗೆ ಎರಡು ವಿಧಿ ಕೊಟ್ಟಿದೆ. 350ಎ, ಅಂದ್ರೆ ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲೇ ಕಲಿಯೋ ಸೌಲಭ್ಯ. 350ಬಿ, ಅಂದ್ರೆ ಇದನ್ನೆಲ್ಲ ನೋಡಿಕೊಳ್ಳೋಕೆ ಒಬ್ಬ ವಿಶೇಷ ಅಧಿಕಾರಿ. ಅದಕ್ಕೂ ಮುಂಚೆ, 1949ರಲ್ಲೇ ಪ್ರಾಂತಗಳ ಶಿಕ್ಷಣ ಮಂತ್ರಿಗಳ ಸಮ್ಮೇಳನ ಒಪ್ಪಿದ ಲೆಕ್ಕ ಇದು: ಇಡೀ ಶಾಲೆಯಲ್ಲಿ 40 ಅಥವಾ ಒಂದು ತರಗತಿಯಲ್ಲಿ 10 ಮಕ್ಕಳಿದ್ದರೆ ಅವರ ಭಾಷೆಯ ಶಿಕ್ಷಕರನ್ನ ಕೊಡಬೇಕು. ಜಿಲ್ಲೆಯಲ್ಲೋ ತಾಲೂಕಲ್ಲೋ ನಮ್ಮವರು ಶೇ 15 ಇದ್ದರೆ ಮುಖ್ಯ ಸರ್ಕಾರಿ ಪ್ರಕಟಣೆಗಳು ನಮ್ಮ ಭಾಷೆಯಲ್ಲೂ ಬರಬೇಕು.

10, 40, 15. ಎಲ್ಲವೂ ತಲೆ ಎಣಿಕೆ. ಹತ್ತರ ಬದಲು ಒಂಬತ್ತು ಮಕ್ಕಳಾದ ದಿನ ಯಾರೂ ನಮ್ಮ ಜೊತೆ ಜಗಳಕ್ಕೆ ಬರಬೇಕಿಲ್ಲ. ಕಡತದಲ್ಲಿ ಒಂದು ಸಾಲು ಬರೆದರೆ ಮುಗೀತು. ಸ್ಕಾಟ್ಲೆಂಡಿನ ಮನೆಯಲ್ಲಿ ಕೂತವರ ಹಾಗೆ, ಕನ್ನಡ ವಿಭಾಗಕ್ಕೆ ಬಾರದ ಪ್ರತಿ ಮಗುವೂ ‘ಬೇಡ’ ಅನ್ನೋ ಮತವೇ.

ಮುಂದಿನ ಜನಗಣತಿಯ ಲೆಕ್ಕ ನಿಲ್ಲೋದು 2027ರ ಮಾರ್ಚ್ 1ಕ್ಕೆ. ಮಾತೃಭಾಷೆ ಯಾವುದು ಅನ್ನೋ ಪ್ರಶ್ನೆಗೆ ಮನೆಮಾತು ಕನ್ನಡವಾದವರು ‘ಕನ್ನಡ’ ಅಂತ ಬಾಯಿಬಿಟ್ಟು ಹೇಳಿ, ಹಾಗೇ ಬರೆದರಾ ಅಂತ ನೋಡಿ. ಶೇ 15ರ ವಾದ ಗೆಲ್ಲೋದೂ ಸೋಲೋದೂ ಆ ಅಂಕಿಯ ಮೇಲೆ.

ಹಾಗಾದ್ರೆ ಹಾಡು ಬೇಡವಾ? ಖಂಡಿತ ಬೇಕು. ನಮ್ಮದೇ ಹಾಸ್ಯಗಾರರು ಬೇಕು. ಮಲಯಾಳ ಬೆರೆತ ಕಾಸರಗೋಡಿನ ಕನ್ನಡದಲ್ಲಿ, ಮರಾಠಿ ನುಸುಳಿದ ಅಕ್ಕಲಕೋಟೆ ಮಾತಿನಲ್ಲಿ, ತಾಳವಾಡಿ ಧಾಟಿಯಲ್ಲಿ ಹಾಡಲಿ. “ಇದೆಂಥ ಕನ್ನಡ” ಅಂತ ಮೂಗು ಮುರಿಯೋರ ಮೂಗಿನ ಮೇಲೂ ಒಂದು ಚರಣ ಕಟ್ಟಲಿ. ತನ್ನ ಸೋಲನ್ನ ಹಾಡಿ ನಗಬಲ್ಲ ಜನವನ್ನ ಹೆದರಿಸೋದು ಕಷ್ಟ. ಆದರೆ ಹಾಡು ಮುಗಿದ ಮೇಲೆ ಮಾಡೋ ಕೆಲಸದ ಪಟ್ಟಿಯೂ ಜೇಬಲ್ಲಿ ಇರಲಿ.

ಸ್ಕಾಟ್ಲೆಂಡಿನವರು 1979ಕ್ಕೆ ಅಲ್ಲೇ ನಿಲ್ಲಲಿಲ್ಲ. ಹದಿನೆಂಟು ವರ್ಷ ಕೂತು ಮಾತಾಡಿ, ಪಕ್ಷಗಳನ್ನ ಒಪ್ಪಿಸಿ, 1997ರ ಸೆಪ್ಟೆಂಬರ್ 11ರಂದು ಮತ್ತೆ ಮತ ಹಾಕಿದ್ರು. ಶೇ 74.3 ಜನ ‘ಬೇಕು’ ಅಂದ್ರು. 1999ರಲ್ಲಿ ಸಂಸತ್ತು ಬಂತು. ಫುಟ್‌ಬಾಲ್ ತಂಡವೂ 1998ರ ನಂತರ ಈಗ 2026ರ ವಿಶ್ವಕಪ್‌ಗೆ ಅರ್ಹತೆ ಪಡೆದಿದೆ. ಅಲ್ಲಿ ಮತ್ತೆ ತಮಾಷೆ ಹಾಡು ಹುಟ್ಟೇ ಹುಟ್ಟುತ್ತೆ. ಹುಟ್ಟಲಿ, ನಾವೂ ಕೇಳಿ ನಗೋಣ.

ನಗ್ತಾನೇ ಒಂದು ಕೆಲಸ ಮಾಡಿ. ನಿಮ್ಮ ಊರಿನ ಕನ್ನಡ ಶಾಲೆಗೆ ಹೋಗಿ, ಒಂದನೇ ಕ್ಲಾಸಲ್ಲಿ ಎಷ್ಟು ಮಕ್ಕಳಿದ್ದಾರೆ, ಕನ್ನಡ ಬಲ್ಲ ಮೇಷ್ಟ್ರು ಎಷ್ಟು ಜನ, ಖಾಲಿ ಹುದ್ದೆ ಎಷ್ಟು ಅಂತ ಕೇಳಿ. ತಾಲೂಕಿನ ಹೆಸರು, ಊರಿನ ಹೆಸರು, ಈ ಮೂರು ಅಂಕಿ ಇಲ್ಲಿ ಕೆಳಗೆ ಬರೆಯಿರಿ. ಹತ್ತಕ್ಕಿಂತ ಕಮ್ಮಿ ಇರೋ ಕಡೆ ಮನೆ ಮನೆಗೆ ಹೋಗೋಣ. ಹತ್ತಕ್ಕಿಂತ ಜಾಸ್ತಿ ಇದ್ದೂ ಮೇಷ್ಟ್ರು ಇಲ್ಲದ ಕಡೆ ಅರ್ಜಿ ಹಿಡಿದು ಕಚೇರಿಗೆ ಹೋಗೋಣ.

ಕಪ್ ಯಾರಾದ್ರೂ ಗೆದ್ದುಕೊಳ್ಳಲಿ. ಆ ಹತ್ತನೇ ಮಗು ನಮಗೆ ಬೇಕು.